ಎರಡು ‘ಆತು’

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಕೂತಿರುತ್ತಿತ್ತು. ಮಾತಾಡುತ್ತಲೇ ಅದನ್ನು ತೆಗೆದು, ನೆಲವೋ ಗೋಡೆಯೋ ಲೇತ್ ಯಂತ್ರದ ಮೈಯೋ, ಸಿಕ್ಕಲ್ಲಿ ಗೀಚಿ ತೋರಿಸುವರು. ಕಿವಿಯ ಮೇಲಿನ ಕೂದಲು ಬೆಳ್ಳಗಾದದ್ದು ವಯಸ್ಸಿನಿಂದಲೋ ಸುಣ್ಣದಿಂದಲೋ, ನನಗೆ ಕೊನೆಗೂ ಗೊತ್ತಾಗಲಿಲ್ಲ.

ತೊಂಬತ್ತರ ದಶಕದ ಕೊನೆ. ಹರಿಹರದ ಪಕ್ಕ, ಗುತ್ತೂರಿನ ಹತ್ತಿರದ ಸಣ್ಣ ಗೇರ್ ಕಾರ್ಖಾನೆಗೆ ಅವರು ಫೋರ್‌ಮನ್. ನಾನು ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಅಲ್ಲಿನ ಒಂದೊಂದು ಕೆಲಸವನ್ನೂ ಕಂಪ್ಯೂಟರಿಗೆ ಅರ್ಥವಾಗುವ ತರ್ಕದ ಭಾಷೆಯಲ್ಲಿ ಬರೆಯುವುದು ನನ್ನ ಪ್ರಾಜೆಕ್ಟು. ಕೆಲಸ ಎಂದರೇನು, ಯಾವುದರ ನಂತರ ಯಾವುದು, ಮುಗಿಯಿತು ಎಂದರೇನು. ಪ್ರತಿ ಪದಕ್ಕೂ ಒಂದೇ ಅರ್ಥ. ನನಗೋ ಭಾರೀ ಜಂಬ.

ಮೊದಲ ವಾರವೇ ಅವರು ನನ್ನ ಹಾಳೆ ನೋಡಿ ನಕ್ಕರು. “ಏನವ್ವಾ, ಎಲ್ಲಾ ಕಡೆ ‘ಆಮೇಲೆ, ಆಮೇಲೆ’ ಅಂತ ಬರ್ದೀಯಲ್ಲ. ಮಿರ್ಚಿ ಕರ್ದು ಮುಗಿದ ಮೇಲೆ ಮಂಡಕ್ಕಿ ಕಲಸ್ತಾರಾ? ಮಿರ್ಚಿ ಎಣ್ಣ್ಯಾಗ ಇರುವಾಗ್ಲೇ ಕಲಸ್ತಾರೆ. ನಿನ್ನ ಕಂಪ್ಯೂಟರ್ ನಂಬಿದ್ರೆ ತಣ್ಣನ ಮಿರ್ಚಿನೇ ಗತಿ.”

ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಯೋಚಿಸಿದರೆ, ಹೌದಲ್ಲ! ಒಂದು ಮುಗಿದ ಮೇಲೆ ಶುರುವಾಗುವುದಕ್ಕೂ ಅದು ನಡೆಯುತ್ತಿರುವಾಗಲೇ ಶುರುವಾಗುವುದಕ್ಕೂ ಬೇರೆ ಬೇರೆ ಪದ ಬೇಕು. ಮರುದಿನ ತೆಪ್ಪಗೆ ಹಾಳೆ ತಿದ್ದಿದೆ.

ಗೇರುಗಳನ್ನು ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲಷ್ಟೇ ಸಾಣೆ ಹಿಡಿದು ನುಣುಪು ಮಾಡುವ ಗ್ರೈಂಡಿಂಗ್. ಒಂದು ಬೆಳಿಗ್ಗೆ ಭಟ್ಟಿಯವನಿಗೆ ದೂರದಿಂದಲೇ “ಆ ಟ್ರೇದು ಹಾರ್ಡನಿಂಗ್?” ಎಂದು ಕೂಗಿದೆ. “ಆತ್ರೀ ಮೇಡಂ” ಎಂದ. ಆಯಿತಂತೆ ಎಂದುಕೊಂಡು ‘ಮುಗಿದಿದೆ’ ಎಂದು ಕಂಪ್ಯೂಟರಿನಲ್ಲಿ ಬರೆದೆ. ಅದನ್ನು ನೋಡಿದವರು ಟ್ರೇಯನ್ನು ನೇರ ಗ್ರೈಂಡಿಂಗಿಗೆ ಒಯ್ದರು. ತಿಂಗಳೊಳಗೆ ಗೇರುಗಳೆಲ್ಲ ಹಲ್ಲು ಸವೆದು ಕೊಂಡವರಿಂದ ವಾಪಸ್ ಬಂದವು.

ಕಾರ್ಖಾನೆಯ ಸಾಹುಕಾರರು ಕೆಂಡವಾದರು. “ಮಾಡದ ಕೆಲ್ಸಾನ ಆತು ಅಂತಾನೆ ಮಗ. ನಾಳಿಂದ ಬರಾದು ಬ್ಯಾಡ ಅನ್ರಿ!”

“ಮಾಡ್ತೀನಿ ಅಂತ ಆತು ಅಂದಿದ್ದೆ ಸಾಹುಕಾರ್ರೇ. ಹೋಗಿ ನೋಡಿದ್ರೆ ಟ್ರೇನೇ ಇರ್ಲಿಲ್ಲ” ಎಂದು ಭಟ್ಟಿಯವನು ಗೋಗರೆದ. ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪ್ರಾಜೆಕ್ಟು ಹೋದರೆ ಎಂಬ ಹೆದರಿಕೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಫೋರ್‌ಮನ್ ನನ್ನ ಮೇಜಿನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ.

“ನಮ್ಮನೆಯಾಕಿ ದಿನಾ ‘ಬರ್ತಾ ತರಕಾರಿ ತರ್ರಿ’ ಅಂತಾಳೆ. ಆತು ಅಂತೀನಿ. ತರಕಾರಿ ಮನಿಗೆ ಬಂತು ಅಂತನಾ ಅರ್ಥ?”

ಸುಣ್ಣ ತೆಗೆದು ನನ್ನ ಮೇಜಿನ ಮೇಲೆ ‘ಆತು’ ಎಂದು ಎರಡು ಸಲ ಬರೆದರು. “ಒಂದು ಒಪ್ಪಿದ್ದು, ಒಂದು ಮುಗಿದದ್ದು. ತಪ್ಪು ಅವನ್ದಲ್ಲ. ಅವನಿಗೆ ಮೂರು ಮಕ್ಳು ಅದಾವೆ. ಹೋಗಿ ಹೇಳ್ತೀಯೋ, ನಾ ಹೇಳ್ಲೋ?”

ನಾನೇ ಹೋದೆ. ಒಪ್ಪಿದ್ದನ್ನು ಮುಗಿದದ್ದೆಂದು ಬರೆದ ತಪ್ಪು ನನ್ನದೇ ಎಂದೆ. ಸಾಹುಕಾರರು ಕಾಲೇಜಿಗೆ ಬರೆಯುತ್ತೇನೆಂದು ಗುಡುಗಿದರು, ಯಾಕೋ ಬರೆಯಲಿಲ್ಲ. ಭಟ್ಟಿಯವನು ಮರುದಿನವೂ ಕೆಲಸಕ್ಕೆ ಬಂದ. ನನ್ನ ತರ್ಕದ ಭಾಷೆಯಲ್ಲಿ ಎರಡು ‘ಆತು’ಗಳಿಗೆ ಎರಡು ಪದಗಳಾದವು. ಪರೀಕ್ಷಕರು ಮೆಚ್ಚಿದ್ದು ಅದೊಂದನ್ನೇ.

ಎರಡು ವರ್ಷದ ಮೇಲೆ, ಫೋರ್‌ಮನ್ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹರಿಹರದ ಮನೆಗೆ ಹೋದೆ. ಕಿವಿಯ ಮೇಲೆ ಸುಣ್ಣವಿರಲಿಲ್ಲ. ಹೊರಡುವಾಗ, “ಮುಂದಿನ ಭಾನುವಾರ ಬರ್ತೀನಿ, ಅಷ್ಟರಾಗ ಎದ್ದು ಕೂತಿರ್ಬೇಕು” ಎಂದೆ.

“ಆತವ್ವಾ” ಎಂದರು.

ಯಾವ ‘ಆತು’ ಎಂದು ಕೇಳಲು ಧೈರ್ಯವಾಗಲಿಲ್ಲ. ಶುಕ್ರವಾರ ಹೋಗಿಬಿಟ್ಟರು.