ಭಾವನ ಗೇಣು

ನನ್ನ ಅಕ್ಕನ ಗಂಡ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ಮಾಮೂಲಿ ಸೈಕಲ್ಲು ಹತ್ತುವಂತಿರಲಿಲ್ಲ. ಹಂದನಕೆರೆ ಕಡೆಯ ಅವರ ಊರಿಂದ ತೋಟ ಎರಡು ಮೈಲಿ. ದಿನಕ್ಕೊಮ್ಮೆ ತೋಟ ಸುತ್ತದಿದ್ದರೆ ಅನ್ನ ಸೇರದ ಮನುಷ್ಯ. ತಿಪಟೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಾನು, ಒರಗಿ ಕೂತು ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ಲನ್ನು ಮೊಬೈಲಿನಲ್ಲಿ ನೋಡಿದ್ದೆ. ನಾನೇ ಮಾಡಿಕೊಡುತ್ತೇನೆ ಎಂದು ಎದೆ ತಟ್ಟಿಕೊಂಡೆ.

ಭಾವ ಫೋನಿನಲ್ಲೇ ಅಳತೆ ಹೇಳಿದರು. "ಗೋಡೆಗೆ ಒರಗಿ ಅಳ್ದಿವ್ನಿ ಕಣಪ್ಪ. ಬೆನ್ನಿಂದ ಪಾದಕ್ಕೆ ಐದು ಗೇಣು."

ನಮ್ಮ ಕಡೆ ಸಸಿಯ ಗುಂಡಿಗೂ ಬಾಗಿಲಿಗೂ ಗೇಣು, ಮೊಳದ್ದೇ ಲೆಕ್ಕ. ಟೇಪು ಗೋಡೆಗೆ ನೇತಾಡುತ್ತಿದ್ದರೂ ನಾನು ನನ್ನ ಅಂಗೈ ಚಾಚಿ ಐದು ಗೇಣು ಅಳೆದು ಸೀಟನ್ನು ಗಟ್ಟಿಯಾಗಿ ಬೆಸೆದುಬಿಟ್ಟೆ. ನನ್ನದು ರಾಕ್ಷಸನ ಕೈ, ಭಾವ ಗಿಡ್ಡ ಆಳು, ಅವರ ಗೇಣೂ ಗಿಡ್ಡ.

ಸೈಕಲ್ಲು ನೋಡಲು ಅರ್ಧ ಊರು ಸೇರಿತ್ತು. ಪೆಡಲು ಎಟುಕಿಸಿಕೊಳ್ಳಲು ಭಾವ ಮುಂದಕ್ಕೆ ಜಾರಬೇಕಿತ್ತು. ಹಿಂದಕ್ಕೆ ಒರಗಿದರೆ ಭಾರವೆಲ್ಲ ಹಿಂದಿನ ಗಾಲಿಗೆ ಬಿದ್ದು ಹ್ಯಾಂಡಲ್ಲು ಹಿಡಿತಕ್ಕೇ ಸಿಗುತ್ತಿರಲಿಲ್ಲ. ಹತ್ತು ಮಾರು ಹೋಗಿ ಬೇಲಿಗೆ ಬಿದ್ದರು. ಸೀಟು ಆರು ಬೆರಳು ಹಿಂದಿದೆ ಎಂದು ನನಗೆ ಆಗಲೇ ಹೊಳೆಯಿತು. ಆದರೆ ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಸೀಟೆಲ್ಲ ಸರಿಯಾಗೈತೆ ಭಾವ. ಕಾಲಿಗೆ ಅಭ್ಯಾಸ ಆಗ್ಬೇಕು ಅಷ್ಟೆ" ಎಂದೆ.

ಮುಂದಿನ ವಾರ ಬಂದು ಗುಟ್ಟಾಗಿ ಸರಿಮಾಡಿದರಾಯಿತು ಅಂದುಕೊಂಡವನಿಗೆ ಒಂದು ಗೇಟು, ಆಮೇಲೆ ಒಂದು ಶೆಡ್ಡು, ಹೀಗೆ ಕೆಲಸ ಬಿತ್ತು. ಸುಳ್ಳೇಕೆ, ಹೋಗುವ ಮುಖವೂ ಇರಲಿಲ್ಲ. ನಡುವೆ ಅಕ್ಕ ಫೋನು ಮಾಡಿದಳು. "ದಿನಾ ಬೆಳಿಗ್ಗೆ ಹತ್ತತಾರೆ, ಬೀಳ್ತಾರೆ. ಅವ್ರ ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸೋತೋಯ್ತು ಕಣೋ."

"ತಿಕ್ತಾ ಇರು, ಸರಿಹೋಯ್ತದೆ" ಎಂದೆ. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಎರಡು ತಿಂಗಳಾದ ಮೇಲೆ ಸುದ್ದಿ ಬಂತು. ಇನ್ನು ಕಾಲು ಕೈಕೊಟ್ಟಂತೆಯೇ ಎಂದು ಭಾವ ತೋಟವನ್ನು ಮೂರು ವರ್ಷಕ್ಕೆ ಪಕ್ಕದ ಊರಿನವರಿಗೆ ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಕೊಟ್ಟುಬಿಟ್ಟಿದ್ದರು.

ಮಾರನೇ ದಿನವೇ ವೆಲ್ಡಿಂಗ್ ಮಿಷನ್ನು ಹೊತ್ತುಕೊಂಡು ಹೋದೆ. ಚೈನು ಬಿಗಿ ಮಾಡುತ್ತೇನೆ ಎಂದು ಹೇಳಿ ಹಿತ್ತಲಿನಲ್ಲಿ ಸೀಟು ಕತ್ತರಿಸಿ, ಆರು ಬೆರಳು ಮುಂದೆ ತಂದು ಕೂರಿಸಿದೆ. ಭಾವ ಹತ್ತಿದರು. ಮೊಣಕಾಲು ಹದವಾಗಿ ಮಡಚಿಕೊಂಡಿತು, ಬೆನ್ನು ಒರಗಿತು, ಮುಂದಿನ ಗಾಲಿ ನೆಲ ಕಚ್ಚಿ ನೇರ ನಡೆಯಿತು. ನಿಲ್ಲಿಸದೆ ತೋಟದವರೆಗೂ ತುಳಿದರು. ನಾನು ಬೈಕಿನಲ್ಲಿ ಹಿಂದೆಯೇ ಹೋದೆ.

ಒಳಗೆ ವಾರದವರ ಆಳುಗಳು ಕಾಯಿ ಕೆಡವುತ್ತಿದ್ದರು. ಭಾವ ತೋಟದ ಬಾಯಿಗೆ ಅಡ್ಡ ಹಾಕಿದ್ದ ಉಣಗೋಲಿನ ಹೊರಗೇ ಸೈಕಲ್ಲು ನಿಲ್ಲಿಸಿದರು. ಒಳಗೆ ಹೋಗಲಿಲ್ಲ.

"ಕಾಲಿಗೆ ಕಸುವು ಬಂತು ನೋಡಪ್ಪ, ಒಸಿ ತಡ ಆಯ್ತು" ಎಂದರು. ಹ್ಯಾಂಡಲ್ಲು ಸವರುತ್ತ, "ನಿನ್ನ ಸೈಕಲ್ಲೇ ಸರಿಯಿಲ್ಲ ಅಂತ ಮನ್ಸಲ್ಲೇ ಬೈಕಂಡಿದ್ದೆ. ಬೇಜಾರು ಮಾಡ್ಕಬ್ಯಾಡ" ಎಂದರು.

"ಇರ್ಲಿ ಬುಡಿ ಭಾವ" ಎಂದೆ.