ಗುಡುಗಮ್ಮನ ಗಂಟಲು ಕಟ್ಟಿದಾಗ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಗೆ ಎಲ್ಲರೂ ಇಟ್ಟ ಹೆಸರು ಗುಡುಗಮ್ಮ. ಯಂತ್ರಗಳ ಗದ್ದಲವನ್ನೂ ಮೀರಿಸುವ ಗಂಟಲು ಆಕೆಯದು. ಯಾವ ವಾರ್ಡಿನ ಹೊದಿಕೆ ಮೊದಲು, ಯಾರು ಎಲ್ಲಿ ನಿಲ್ಲಬೇಕು, ಎಲ್ಲವೂ ಆಕೆ ಕೂಗಿ ಹೇಳಿದ ಮೇಲೆಯೇ. ತಾನಿಲ್ಲದಿದ್ದರೆ ಇಲ್ಲಿ ಒಂದು ಟವೆಲ್ಲೂ ಒಣಗುವುದಿಲ್ಲ ಎಂದು ನಂಬಿದ್ದಳು.

ಒಂದು ದಿನ ಆ ಗಂಟಲೇ ಕೈಕೊಟ್ಟಿತು. "ಕೆಲವು ವಾರ ತುಟಿ ಪಿಟಕ್ ಅನ್ನಬಾರದು" ಎಂದರು ಡಾಕ್ಟರು.

"ಮದುವೆ ಆದ್ಮೇಲೆ ನಾನು ಶುರು ಮಾಡಿದ ಮಾತು ಮುಗಿಸಿದ್ದು ಇವತ್ತೇ" ಎಂದು ಗಂಡ ನಕ್ಕ. ಅವನನ್ನು ದುರುಗುಟ್ಟಿ ನೋಡಿ ಆಕೆ ಕೆಲಸಕ್ಕೆ ಹೊರಟಳು.

ಅಲ್ಲಿ ಚಪ್ಪಾಳೆ ತಟ್ಟಿದರೆ ಯಾರಿಗೂ ಕೇಳಿಸಲಿಲ್ಲ. ಇಸ್ತ್ರಿ ಮಾಡುವವನು ಬಟ್ಟೆ ಮಡಿಕೆ ಹಾಕುವವಳ ಕಡೆ ತಿರುಗಿ, "ಇವತ್ತು ಯಾವ್ದು ಮೊದ್ಲಕ್ಕ?" ಎಂದ.

"ಮಕ್ಕಳ ವಾರ್ಡಿಂದು. ಅಲ್ಲಿ ಹಾಸಿಗೆ ಬೇಗ ಒದ್ದೆ ಆಗುತ್ತೆ."

ಕೆಲಸ ತನ್ನಷ್ಟಕ್ಕೆ ಸಾಗಿತು. ಗುಡುಗಮ್ಮನಿಗೆ ಮೊದಲು ಚುರುಕ್ಕೆಂದಿತು. ಆಮೇಲೆ ಕುತೂಹಲ ಹುಟ್ಟಿತು. ಹಾಗಾದರೆ ಇಲ್ಲಿ ಯಜಮಾನಿಕೆ ಯಾರದು? ಸ್ಟೂಲಿನ ಮೇಲೆ ಕುಳಿತು ದಿನವೂ ಗಮನಿಸತೊಡಗಿದಳು. ಯಂತ್ರ ಸೋರಿದರೆ ಎಲ್ಲರೂ ಇಸ್ತ್ರಿಯವನ ಮಾತು ಕೇಳುತ್ತಿದ್ದರು. ನರ್ಸು ಜಗಳಕ್ಕೆ ಬಂದರೆ, ದನಿ ಏರಿಸಿಯೇ ಗೊತ್ತಿಲ್ಲದ ಬಟ್ಟೆ ನೆನೆಸುವವಳನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರು. ಯಾರೂ ಯಾರನ್ನೂ ನೇಮಿಸಿರಲಿಲ್ಲ.

ಆದರೆ ಒಂದು ಮಧ್ಯಾಹ್ನ ಒಣಗಿಸುವ ಯಂತ್ರಗಳಲ್ಲಿ ಉಳಿದವು ಕೆಟ್ಟು ಒಂದೇ ನಡೆಯುತ್ತಿತ್ತು. ಆಪರೇಷನ್ ಕೋಣೆಗೂ ಹೆರಿಗೆ ವಾರ್ಡಿಗೂ ಬಟ್ಟೆ ತಕ್ಷಣ ಬೇಕಾಗಿತ್ತು. ಇಸ್ತ್ರಿಯವನು ಇದು ಮೊದಲೆಂದ, ಮಡಿಕೆಯವಳು ಅದು ಮೊದಲೆಂದಳು. ಕೈಗಳು ನಿಂತವು. ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗಿತು. ಗುಡುಗಮ್ಮ ಆಪರೇಷನ್ ಕೋಣೆಯ ಗಂಟಿನತ್ತ ಬೆರಳು ತೋರಿಸಿ, ಬೈಗುಳ ಬಂದರೆ ತನಗಿರಲಿ ಎಂಬಂತೆ ಎದೆ ಮುಟ್ಟಿಕೊಂಡಳು. ಸಂಜೆ ಹೆರಿಗೆ ವಾರ್ಡಿನ ಬೈಗುಳ ಬಂದೇ ಬಂತು. ತಲೆ ತಗ್ಗಿಸಿ ಕೇಳಿಸಿಕೊಂಡಳು.

ದನಿ ಮರಳಿದ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೇ ಎಲ್ಲರನ್ನೂ ಕರೆದು, "ಇವತ್ತು ಹೇಗೆ ಮಾಡೋಣ ಅಂತೀರಿ?" ಎಂದು ಮೆತ್ತಗೆ ಕೇಳಿದಳು.

ಮಡಿಕೆಯವಳು ಆಕೆಯ ಹಣೆ ಮುಟ್ಟಿ ನೋಡಿದಳು. "ಯಾಕಕ್ಕ, ಇನ್ನೂ ವಾಸಿ ಆಗಿಲ್ವಾ?"

ನಗು ಅಡಗಿದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಆ ಬೆಳಗಿನ ಮಾತುಕತೆ ಅಲ್ಲಿಂದ ರೂಢಿಯಾಯಿತು. ಆಮೇಲೂ ಆಕೆ ಆಗಾಗ ಗುಡುಗುವುದಿತ್ತು. ಆದರೆ ಮೇಲಿನವರು ಸಿಡುಕಿಕೊಂಡು ಬಂದ ದಿನ, ಯಾರೂ ಹೇಳದೆಯೇ, ಬಾಗಿಲಿಗೆ ಮೊದಲು ಹೋಗಿ ನಿಲ್ಲುತ್ತಿದ್ದವಳು ಆಕೆಯೇ.