ತಂಡದ ಹತ್ತನೆಯ ಜಾಗ

1969ರ ಮಾತು. ಮೈಸೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ, ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆಂದು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬಂದಿದ್ದೆ. ಲ್ಯಾಬು, ರೂಮು, ಮತ್ತೆ ಲ್ಯಾಬು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದ ಧೈರ್ಯದ ಮೇಲೆ ಇಲ್ಲಿನ ವಿದ್ಯಾರ್ಥಿಗಳ ತಂಡದ ಅಭ್ಯಾಸಕ್ಕೆ ಹೋಗತೊಡಗಿದೆ. ಯಾರಾದರೂ "ಮೂರ್ತಿ" ಎಂದು ಕೂಗಿ ಚೆಂಡು ಎಸೆದರೆ ನನಗೆ ಅಂದು ಹಬ್ಬ.

ಅಂಕಣದಲ್ಲಿ ಆಡುವವರು ಐವರಾದರೂ ಪಂದ್ಯಗಳಿಗೆ ಹತ್ತು ಜನರ ತಂಡ ಬೇಕಿತ್ತು. ಒಂಬತ್ತು ಮಂದಿಯ ಬಗ್ಗೆ ಅನುಮಾನವಿರಲಿಲ್ಲ. ಉಳಿದ ಒಂದು ಜಾಗಕ್ಕೆ ನಾನು ಮತ್ತು ಕಾನೂನು ಓದುತ್ತಿದ್ದ ಡೀಟರ್. ಹತ್ತನೆಯವನು ಪಂದ್ಯದಲ್ಲಿ ಬೆಂಚು ಬಿಟ್ಟೇಳುವುದೇ ಅಪರೂಪ. ಅಭ್ಯಾಸದಲ್ಲಿ ಕ್ಯಾಪ್ಟನ್ನನಿಗೆ ಅಡ್ಡ ನಿಂತು ಬೆವರಿಳಿಸುವುದೇ ಅವನ ಕೆಲಸ ಎನ್ನುತ್ತಿದ್ದರು ಕೋಚ್. ಆದರೂ ಆ ಬೆಂಚಿಗಾಗಿ ನಾನು ಹಂಬಲಿಸುತ್ತಿದ್ದೆ. ಡೀಟರ್‌ಗೆ ಅದು ಕೊನೆಯ ವರ್ಷ. ಹಿಂದೆಲ್ಲ ಅವನಿಗೆ ಜಾಗ ಕೈತಪ್ಪಿತ್ತು.

ಆಯ್ಕೆಯ ಸಂಜೆ ಕೋಚ್ ನಮ್ಮಿಬ್ಬರನ್ನೂ ಎಲ್ಲರೆದುರು ನಿಲ್ಲಿಸಿದರು. ಹೀಗೆ ಮುಖಾಮುಖಿ ಕೇಳಿ ತೀರ್ಮಾನಿಸುವುದು ಅವರ ಪದ್ಧತಿ.

"ಮೂರ್ತಿ, ಈ ಜಾಗ ನಿನಗೆ ಬೇಕಾ?"

ನಮ್ಮ ಕಡೆ ಎರಡನೇ ಸಲ ಬಡಿಸಲು ಬಂದಾಗ "ಬೇಡ ಬೇಡ" ಎನ್ನುತ್ತೇವಲ್ಲ, ಆ ಅಭ್ಯಾಸ ನಾಲಿಗೆಗೆ ಬಂತು. "ಪರವಾಗಿಲ್ಲ, ಡೀಟರ್ ನನಗಿಂತ ಹಿರಿಯ, ಅವನನ್ನೇ ತಗೊಳ್ಳಿ" ಎಂದೆ ನನ್ನ ಹರಕು ಜರ್ಮನ್‌ನಲ್ಲಿ. ಇನ್ನೊಮ್ಮೆ ಒತ್ತಾಯ ಮಾಡುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂದು ಕಾದೆ.

"ಸರಿ, ಹಾಗಾದರೆ ಡೀಟರ್" ಎಂದುಬಿಟ್ಟರು ಕೋಚ್. ಎರಡನೇ ಸಲ ಕೇಳಲೇ ಇಲ್ಲ.

ಆಗ ಡೀಟರ್ ಬಾಯಿಬಿಟ್ಟ. "ಇವನು ನಿಜ ಹೇಳ್ತಿಲ್ಲ. ದಿನಾ ನನಗಿಂತ ಮೊದಲೇ ಬಂದಿರ್ತಾನೆ. ಇವನಿಗೆ ಈ ಜಾಗ ಬೇಕು." ಕ್ಯಾಪ್ಟನ್ನನ ಕಡೆ ತಿರುಗಿ, "ನೀನೇ ಹೇಳು, ಯಾರು ಅಡ್ಡ ನಿಂತರೆ ನಿನಗೆ ಕಷ್ಟ?" ಎಂದ.

ಕ್ಯಾಪ್ಟನ್ ನೆಲ ನೋಡುತ್ತಲೇ ನನ್ನತ್ತ ಬೆರಳು ತೋರಿಸಿದ.

ಕೋಚ್ ಮತ್ತೆ ಕೇಳಿದರು. "ಬೇಕು" ಎಂದೆ. ಅವರು ನನ್ನ ಹೆಸರು ಬರೆದುಕೊಂಡರು.

ಹೊರಗೆ ಡೀಟರ್‌ನನ್ನು ತಡೆದು, "ನಿನಗೂ ಬೇಕಿತ್ತಲ್ಲ?" ಎಂದೆ. "ಬೇಕಿತ್ತು, ತುಂಬಾ" ಎಂದ. ಕಣ್ಣು ಕೆಂಪಾಗಿತ್ತು. "ಆದರೆ ಅದು ನಿನ್ನ ಜಾಗ." ಸೈಕಲ್ ಹತ್ತಿ ಹೊರಟುಹೋದ.

ಆ ವರ್ಷ ನಾನು ಬೆಂಚಿನಿಂದ ಎದ್ದದ್ದು ಅಪರೂಪ. ಪ್ರತಿ ಪಂದ್ಯಕ್ಕೂ ಡೀಟರ್ ಬಂದು ನಮ್ಮ ಹಿಂದೆಯೇ ಕೂರುತ್ತಿದ್ದ. ನಾನು ಆಟಕ್ಕಿಳಿದರೆ ಎಲ್ಲರಿಗಿಂತ ಜೋರಾಗಿ "ಮೂರ್ತಿ" ಎಂದು ಕೂಗುತ್ತಿದ್ದವನು ಅವನೇ.

ಮುಂದೆ ಇಲ್ಲೇ ನೆಲೆಸಿದೆ. ಈಗ ಏನಾದರೂ ಬೇಕೇ ಎಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ. "ಊಟಕ್ಕೆ ಕರೆದವರ ಮನೇಲಿ ಒಂದ್ಸಲಾನಾದ್ರೂ ಬೇಡ ಅನ್ನಬಾರ್ದಾ?" ಎಂದು ನನ್ನ ಹೆಂಡತಿ ರೇಗಿಸುತ್ತಾಳೆ. ಬೇಕಾದದ್ದನ್ನು ಬೇಕು ಎನ್ನುವಷ್ಟನ್ನು ಡೀಟರ್‌ನಿಂದ ಕಲಿತೆ. ಆದರೆ ಕೈಗೆ ಬಂದ ಜಾಗವನ್ನು ಹಾಗೆ ಸತ್ಯ ಹೇಳಿ ಬಿಟ್ಟುಕೊಡುವುದು ನನ್ನಿಂದ ಆಗುತ್ತಿತ್ತೇ? ಹೌದೆನ್ನುವ ಧೈರ್ಯ ಇವತ್ತಿಗೂ ನನಗಿಲ್ಲ.